ಸೌದಾಘರದ ಗೋಡೆಗೆ ಒಂದು ತುತ್ತು

ತಾಂಡೂರಿನಲ್ಲಿ ದೊಡ್ಡ ಮಳೆ ಬಂದರೆ ಮರುದಿನ ಬೆಳಿಗ್ಗೆ ನನ್ನ ಫೋನು ಬಡಿದುಕೊಳ್ಳುತ್ತದೆ. ಎತ್ತಿದರೆ ನಮಸ್ಕಾರವಿಲ್ಲ, ಹೇಗಿದ್ದೀಯ ಎಂಬ ಮಾತಿಲ್ಲ.

"ಏ ಕಂಗ್ಟಿ, ಗಾಜು ನೋಡಿ ಬಂದಿ ಏನು?"

ಇನ್ನೂ ಹಲ್ಲುಜ್ಜಿಲ್ಲ ಮೇಡಂ ಅಂದರೆ, "ಹಲ್ಲು ಎಲ್ಲಿ ಓಡಿ ಹೋಗ್ತಾವ? ಮೊದಲು ಗಾಜು ನೋಡು" ಅಂತಾರೆ. ಮಳೆ ಬಂದದ್ದು ನನಗಿಂತ ಮೊದಲು ಅವರಿಗೆ ಗೊತ್ತು. ನಿವೃತ್ತಿಯಾದ ಮೇಲೆ ಅವರಿರುವುದು ಜಹೀರಾಬಾದಿನಲ್ಲಿ, ತಂಗಿಯ ಮನೆಯಲ್ಲಿ. ತಾಂಡೂರಿನಲ್ಲಿ ಮೋಡ ಕಟ್ಟಿದರೆ ಅಲ್ಲಿ ಅವರಿಗೆ ಕಾಲು ನಿಲ್ಲುವುದಿಲ್ಲ.

ಕಂಗ್ಟಿ ಎಂಬುದು ನನ್ನ ಹೆಸರಲ್ಲ, ನನ್ನ ತವರೂರು. ತಾಂಡೂರು ಪುರಸಭೆಯ ಇಂಜಿನಿಯರ್ ಕಚೇರಿಗೆ ನಾನು ಕೆಲಸಕ್ಕೆ ಸೇರಿದ ದಿನ ಹೆಸರು ಹೇಳುವ ಮೊದಲೇ ಊರು ಕೇಳಿದರು. ಅಲ್ಲಿಂದ ಮುಂದೆ ಅವರ ಬಾಯಲ್ಲಿ ನಾನು ಊರಾಗಿಯೇ ಉಳಿದೆ. ಆಗ ಅವರು ನನ್ನ ಮೇಲಿನ ಅಧಿಕಾರಿ. ಗಿಡ್ಡ ದೇಹ, ಎತ್ತರದ ದನಿ, ಹಣೆಯ ಮೇಲೆ ಮೂರೆಳೆ ವಿಭೂತಿ, ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಶೂ. ಬೈಯುವುದು ತೆಲುಗಿನಲ್ಲಿ, ಚೌಕಾಸಿ ಮಾಡುವುದು ಉರ್ದುವಿನಲ್ಲಿ. ಖುಷಿಯಾದರೆ ಮಾತ್ರ ಕನ್ನಡ. ಹಾಗಾಗಿ ಕಚೇರಿಯಲ್ಲಿ ಅವರು ಕನ್ನಡ ಶುರು ಮಾಡಿದರೆಂದರೆ ಎಲ್ಲರೂ ಕೆಲಸ ಬಿಟ್ಟು ತಲೆ ಎತ್ತುತ್ತಿದ್ದರು.

ಗೋಡೆ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಿವಿಯಿಟ್ಟು ಕೇಳಿ, ಕೊನೆಗೆ ಎಮ್ಮೆಯ ಬೆನ್ನು ಚಪ್ಪರಿಸಿದ ಹಾಗೆ ಒಮ್ಮೆ ಚಪ್ಪರಿಸಿ ಮುಂದೆ ಹೋಗುತ್ತಿದ್ದರು. ನಾರಾಯಣಖೇಡದಲ್ಲಿ ನನ್ನ ಅತ್ತೆಮನೆಗೆ ಒಮ್ಮೆ ಊಟಕ್ಕೆ ಕರೆದಿದ್ದೆ. ಚಹಾದ ಕಪ್ಪು ಒಂದು ಕೈಯಲ್ಲಿ, ಇನ್ನೊಂದು ಕೈಯಿಂದ ನಡುಮನೆಯ ಗೋಡೆ ಬಡಿಯುತ್ತ ನಿಂತುಬಿಟ್ಟರು. ಅತ್ತೆ ಅಡುಗೆಮನೆಯಿಂದ ಇಣುಕಿ ನೋಡಿ ಗಾಬರಿಯಾಗಿ, "ಒಳಗ ಯಾರರೆ ಅದಾರೇನ್ರಿ?" ಎಂದರು. "ಅದಾರ ಅಮ್ಮಾ, ನಿಮ್ಮ ಮಾವ ಅದಾನ. ಇಷ್ಟು ಛಲೋ ಸುಣ್ಣದ ಗ್ವಾಡಿ ಕಟ್ಟಿ ಹೋಗ್ಯಾನ" ಅಂದರು ಮೇಡಂ. ಅತ್ತೆ ಆ ದಿನ ಅವರ ತಟ್ಟೆಗೆ ಎರಡು ಸಲ ತುಪ್ಪ ಸುರಿದರು.

ಇಂಥ ಹೆಂಗಸಿಗೆ ಊರಿನಲ್ಲಿ ಒಂದು ಕಟ್ಟಡದ ಮೇಲೆ ಮಾತ್ರ ಕಣ್ಣು. ಅದು ವರ್ತಕರ ಸೌದಾಘರ.

ಹಳೆಯ ಪೇಟೆಯ ನಡುವೆ, ಕಿರಾಣಿ ಅಂಗಡಿಗಳ ಸಾಲಿನ ಹಿಂದೆ ಅದಿದೆ. ಒಂದು ಕಾಲಕ್ಕೆ ಸುತ್ತಲಿನ ತೊಗರಿ, ಜೋಳ, ಕಡಲೆಯ ಬೆಲೆಯೆಲ್ಲ ಅಲ್ಲಿ ಕುದುರುತ್ತಿತ್ತು. ಮಾರುಕಟ್ಟೆ ಊರ ಹೊರಗೆ ಹೋದ ಮೇಲೆ ಅದರ ಪಾಲಿಗೆ ಉಳಿದದ್ದು ವರ್ತಕರ ಸಭೆ, ಮದುವೆ, ಗೋಣಿಚೀಲದ ರಾಶಿ. ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಮೇಡಂ ನನ್ನನ್ನು ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಅಲ್ಲಿಗೆ ಹೋದರು. ಕಚೇರಿಯ ಕೆಲಸವೇನೂ ಇರಲಿಲ್ಲ. ತವರಿನವರನ್ನು ಪರಿಚಯ ಮಾಡಿಸುವ ಉತ್ಸಾಹ, ಅಷ್ಟೇ.

"ಮ್ಯಾಲ ನೋಡು ಮ್ಯಾಲ!"

ಬಾಗಿಲ ಮೇಲೆ ಕಲ್ಲಿನಲ್ಲಿ ನಾಲ್ಕು ಲಿಪಿಗಳಲ್ಲಿ ಹೆಸರು ಕೆತ್ತಿದ್ದರು. ಉರ್ದು, ತೆಲುಗು, ಮರಾಠಿ, ಕನ್ನಡ. ಕನ್ನಡದ ಅಕ್ಷರಗಳು ಉಳಿದವಕ್ಕಿಂತ ದಪ್ಪ. "ಇದನ್ನ ಕೆತ್ತಿದಾಂವ ಹೊಟ್ಟಿ ತುಂಬ ಉಂಡು ಬಂದಿದ್ದ" ಅಂತ ಅವರ ತೀರ್ಮಾನ.

ಮುಂದೆ ರಸ್ತೆಯ ಕಡೆಗೆ ಎರಡಂತಸ್ತಿನ ಭಾರೀ ಪಡಸಾಲೆ. ಅದನ್ನು ದಾಟಿದರೆ ಕಮಾನುಗಳ ಉದ್ದನೆಯ ಹಾಲು. ನೆಲಕ್ಕೆ ತಾಂಡೂರಿನದೇ ನೀಲಿ ಪರಸಿ ಕಲ್ಲು, ಕಾಲು ತಾಗಿ ತಾಗಿ ಕನ್ನಡಿಯಾದದ್ದು. ದಕ್ಷಿಣದ ಗೋಡೆ ಪೂರಾ ಬೋಳು, ಉತ್ತರಕ್ಕೆ ಮಾತ್ರ ಎತ್ತರದಲ್ಲಿ ಸಾಲು ಕಿಟಕಿ. ಯಾಕೆ ಹೇಳು ಅಂದರು. ಗಾಳಿಗೆ ಅಂದೆ. "ಗಾಳಿ ಅಲ್ಲ ಹುಚ್ಚಿ, ತೊಗರಿಗೆ! ಬಿಸಲಾಗ ಹಿಡಿದರ ಎಲ್ಲಾ ಕಾಳೂ ಬಂಗಾರ ಕಾಣ್ತಾವ. ಉತ್ತರದ ಬೆಳಕಿನ್ಯಾಗ ಹಿಡಿ, ಹುಳ ಬಿದ್ದದ್ದು, ಹಸಿ ಇದ್ದದ್ದು ಎಲ್ಲಾ ತಾನೇ ಹೇಳ್ತದ" ಎಂದು ಅಂಗೈಯಲ್ಲಿ ಇಲ್ಲದ ಕಾಳನ್ನು ಕಿಟಕಿಗೆ ಹಿಡಿದು ತೋರಿಸಿದರು. ನನಗೂ ಕಾಳು ಕಂಡಂತೆಯೇ ಆಯಿತು.

ಆಮೇಲೆ ಕಂಬಗಳು. ಅವು ಜೋಡಿ ಜೋಡಿಯಾಗಿ ನಿಂತಿವೆ, ಪ್ರತಿ ಜೋಡಿಯ ನಡುವೆ ಒಂದು ಚಿಕ್ಕ ಕಲ್ಲುಕಟ್ಟೆ. ನನ್ನನ್ನು ಅದರ ಮೇಲೆ ಕೂಡಿಸಿ ತಾವೂ ಪಕ್ಕಕ್ಕೆ ಕೂತರು. ಇಬ್ಬರು ಕೂತರೆ ಕಟ್ಟೆ ತುಂಬಿತು. ಮೂರನೆಯವರು ನುಸುಳಲಿಕ್ಕೆ ಜಾಗವಿಲ್ಲ, ಹಿಂದಿನಿಂದ ಇಣುಕಲು ಕಂಬ ಬಿಡುವುದಿಲ್ಲ. ಸೌದಾ ನಡೆಯುತ್ತಿದ್ದುದು ಹೀಗೆ ಇಬ್ಬರ ನಡುವೆ, ಹೆಗಲ ಮೇಲಿನ ಟವೆಲು ಕೈಗಳ ಮೇಲೆ ಹಾಸಿಕೊಂಡು. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಹೇಳುವುದು, ಒತ್ತಿ ಏರಿಸುವುದು, ಬಿಟ್ಟು ಇಳಿಸುವುದು. ಒಪ್ಪಿಗೆಯಾದರೆ ಎದುರಿನವರ ಐದೂ ಬೆರಳು ಮಡಚಿ ಮುಷ್ಟಿ ಮಾಡಿಬಿಡುವುದು. ಮುಷ್ಟಿಯಾಯಿತೆಂದರೆ ಸೌದಾ ಪಕ್ಕಾ, ಹಿಂದೆ ಸರಿಯುವ ಹಾಗಿಲ್ಲ.

"ಬಾಯಿ ಏನರೆ ಒದರ್ಲಿ" ಅಂದರು ಮೇಡಂ, "ಬಟ್ಟಿ ಕೆಳಗ ಕೈ ಸುಳ್ಳು ಹೇಳಬಾರ್ದು. ಈ ಮನೀದು ಅದೊಂದೇ ಕಾನೂನು. ಅದಕ್ಕಂತನೇ ಈ ಕಟ್ಟಿ, ಈ ಕಂಬ. ಕಟ್ಟಿದಾಂವ ಮೊದಲು ವ್ಯಾಪಾರ ನೋಡಿ, ಆಮ್ಯಾಲ ಕಲ್ಲು ಕಡದಾನ!"

ಹೇಳುತ್ತ ಹೇಳುತ್ತ ಎದ್ದು ನಿಂತರು, ಮತ್ತೆ ಕೂತರು, ಮತ್ತೆ ಎದ್ದರು. ಗೋಣಿಚೀಲದ ಮೇಲೆ ಮಲಗಿದ್ದ ಕಾವಲುಗಾರ ಎದ್ದು ಕೂತು ಕೈಮುಗಿದ. ಆ ದಿನದಿಂದ ನನಗೂ ಆ ಕಟ್ಟಡದ ಹುಚ್ಚು ಹಿಡಿಯಿತು.

ಇಂಥ ಸೌದಾಘರವನ್ನು ಕೆಡವಬೇಕೆಂಬ ಅರ್ಜಿ ಮೇಡಂ ನಿವೃತ್ತಿಯ ಹಿಂದಿನ ಬೇಸಿಗೆಯಲ್ಲಿ ಅವರದೇ ಮೇಜಿಗೆ ಬಂತು. ಬರೆದವರು ಬೇರೆ ಯಾರೂ ಅಲ್ಲ, ಕಟ್ಟಡದ ಯಜಮಾನರಾದ ವರ್ತಕರ ಕಮಿಟಿಯವರೇ. ಕಮಾನುಗಳಲ್ಲಿ ಬಿರುಕು ಬಿದ್ದಿದ್ದವು. ಒಂದು ಸಭೆಯ ನಡುವೆ ಗಾರೆಯ ಹೆಂಟೆ ಚಹಾದ ತಟ್ಟೆಯ ಮೇಲೇ ಬಿದ್ದಿತ್ತು. ಹೀಗಾಗಿ ಅಪಾಯದ ಕಟ್ಟಡವೆಂದು ಸಹಿ ಮಾಡಿಕೊಡಿ, ನಾವು ಅಲ್ಲಿ ನಾಲ್ಕಂತಸ್ತಿನ ಕಾಂಪ್ಲೆಕ್ಸ್ ಕಟ್ಟುತ್ತೇವೆ ಎಂದು ಕೇಳಿದ್ದರು. ಕಮಿಟಿಯ ಅಧ್ಯಕ್ಷರು ತೊಗರಿಯ ಹಳೇ ವ್ಯಾಪಾರಿ. ಬಿಳಿ ಧೋತರ, ಹೆಗಲ ಮೇಲೆ ಯಾವಾಗಲೂ ಒಂದು ಟವೆಲು, ಅಳೆದು ತೂಗಿ ಆಡುವ ಮಾತು. ಕೆಟ್ಟ ಮನುಷ್ಯ ಖಂಡಿತ ಅಲ್ಲ. ಹೊಸ ಕಟ್ಟಡಕ್ಕೆ ತಂದೆಯ ಹೆಸರಿಡಬೇಕೆಂಬುದು ಅವರ ಆಸೆ.

ಸಹಿ ಮಾಡುವುದೋ ಬಿಡುವುದೋ ಎಂಬುದು ಮೇಡಂ ಕೈಯಲ್ಲಿತ್ತು. ಅರ್ಜಿ ಬಂದ ಮೇಲೆ ಎರಡು ದಿನ ಅವರು ಕನ್ನಡ ಮಾತಾಡಲಿಲ್ಲ.

"ಖರೇನೇ ಬೀಳೂದಿತ್ತಂದ್ರ ಸಹಿ ಮಾಡೂದೇ" ಎಂದರು ಕೊನೆಗೆ. "ಪ್ರೀತಿ ಅದ ಅಂತ ನಾಕು ಮಂದಿ ತಲಿ ಮ್ಯಾಲ ಕೆಡವಲಾಕ ಆಗ್ತದೇನು? ಆದ್ರ ಯಾಕ ಬಿರಕು ಬಿಟ್ಟದ ಅಂತ ಗೊತ್ತಾಗದ ನಾ ಸಹಿ ಮಾಡಂಗಿಲ್ಲ."

ಹೋಗಿ ಪ್ರತಿ ಗೋಡೆ ಬಡಿದೆವು. ಪಡಸಾಲೆ ಮುಗಿದು ಹಾಲು ಶುರುವಾಗುವ ಮೂಲೆಗೆ ಬಂದು, ಇಷ್ಟು ದಿನ ಅದನ್ನು ಮುಚ್ಚಿದ್ದ ಗೋಣಿಚೀಲದ ರಾಶಿ ಸರಿಸಿದಾಗ ಮೇಡಂ ಕೈ ನಿಂತಿತು. ಅಲ್ಲಿ ನೆಲದಿಂದ ಮಾಳಿಗೆಯವರೆಗೆ ಒಂದು ಪಟ್ಟಿ ಸಿಮೆಂಟು ಬಳಿದಿತ್ತು. ಮೇಲೊಂದು ಅಮೃತಶಿಲೆಯ ಫಲಕ. ಅಧ್ಯಕ್ಷರು ತಮ್ಮ ತಂದೆಯ ನೆನಪಿಗೆ ಈ ಗೋಡೆಯ ದುರಸ್ತಿ ಮಾಡಿಸಿದ್ದಾರೆಂದು ಅದರಲ್ಲಿ ಬರೆದಿತ್ತು. ಮೇಡಂ ಆಚೆ ಬಡಿದರು, ಒಂದು ಸದ್ದು. ಈಚೆ ಬಡಿದರು, ಬೇರೆಯೇ ಸದ್ದು. ನನ್ನ ಮುಖ ನೋಡಿದರು, ಫಲಕ ನೋಡಿದರು, ಆಮೇಲೆ ತಟ್ಟನೆ ನೆಲದ ಮೇಲೆ ಕೂತು ನಗಲಿಕ್ಕೆ ಶುರು ಮಾಡಿದರು.

"ಬಾಯಿ ಮುಚ್ಯಾರ ಕಂಗ್ಟಿ! ಗ್ವಾಡಿ ಬಾಯಿ ಮುಚ್ಯಾರ!"

ನನಗೆ ಒಂದಕ್ಷರ ತಿಳಿಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅವರು ಹೇಳಿದ್ದು ಇದು. ಮೇಡಂ ಅವರ ತಂದೆ ಬೊಮ್ರಾಸಪೇಟೆಯ ಕಡೆಯ ರೈತರು. ತೊಗರಿಯ ಗಾಡಿ ಹೂಡಿಕೊಂಡು ಈ ಸೌದಾಘರಕ್ಕೇ ಬರುತ್ತಿದ್ದರು. ಹೆಂಗಸರು ಒಳಗೆ ಕಾಲಿಡುವ ಪದ್ಧತಿ ಇರಲಿಲ್ಲ. ವರ್ಷಕ್ಕೊಂದೇ ದಿನ, ಹೊಸ ತೊಗರಿ ಬಂದ ದಿನ, ಮನೆಮಂದಿಯೆಲ್ಲ ಬರಬಹುದಿತ್ತು. ಆ ದಿನ ಪಡಸಾಲೆಗೂ ಹಾಲಿಗೂ ನಡುವೆ ಬಿಟ್ಟ, ಕೈ ಹಿಡಿಸುವಷ್ಟು ಅಗಲದ ಸಂದಿಗೆ ಎಲ್ಲರೂ ಒಂದೊಂದು ಉಂಡೆ ಒತ್ತುತ್ತಿದ್ದರು. ಸುಣ್ಣ, ಮರಳು, ತೊಗರಿ ಹೊಟ್ಟು, ಚೂರು ಬೆಲ್ಲ ಕಲಸಿದ ಉಂಡೆ. ಅದಕ್ಕೆ ಗ್ವಾಡಿಗೆ ತುತ್ತು ಹಾಕುವುದು ಎಂದೇ ಹೆಸರು. ಮಳೆಗಾಲದಲ್ಲಿ ಗೋಡೆ ಆ ತುತ್ತನ್ನು ಉಗುಳುತ್ತದೆ, ಹೊಸ ತೊಗರಿಗೆ ಮತ್ತೆ ಹಸಿದಿರುತ್ತದೆ ಎಂದು ಹಿರಿಯರು ಹೇಳುತ್ತಿದ್ದರಂತೆ. ಮೇಡಂ ಅಪ್ಪನ ಹೆಗಲೇರಿ ತುತ್ತು ಒತ್ತಿದ್ದರು. ಬೆಲ್ಲದ ಆಸೆಗೆ ಬೆರಳು ನೆಕ್ಕಿ ಸುಣ್ಣಕ್ಕೆ ನಾಲಿಗೆ ಸುಟ್ಟುಕೊಂಡು ಊರಿಗೆಲ್ಲ ಕೇಳುವಂತೆ ಅತ್ತಿದ್ದರು.

"ಎಲ್ಲಾ ಮರೀಬಹುದು, ನಾಲಿಗಿ ಸುಟ್ಟದ್ದು ಹ್ಯಾಂಗ ಮರೀತದ? ಇಷ್ಟು ದಿನ ಅದು ಪೂಜಿ ಅಂತ ತಿಳ್ಕೊಂಡಿದ್ದೆ. ನೋಡು, ಇಲ್ಲಿ ಕೆಳಗಿರೂದು ಕರಿ ಮಣ್ಣು. ಮಳಿಗೆ ಉಬ್ತದ, ಬ್ಯಾಸಿಗಿಗೆ ಕುಗ್ತದ. ಮುಂದಿನ ಪಡಸಾಲಿ ಭಾರ, ಹಿಂದಿನ ಹಾಲು ಹಗುರ. ಎರಡೂ ಒಮ್ಮಿಗೇ ಏಳಂಗಿಲ್ಲ, ಒಮ್ಮಿಗೇ ಕೂಡಂಗಿಲ್ಲ. ಅದಕ್ಕ ನಡುವ ಸಂದಿ ಬಿಟ್ಟು, ಮೆತ್ತಂದು ತುಂಬತಿದ್ರು. ಒಂದು ಉಬ್ಬಿದ್ರ ಇನ್ನೊಂದಕ್ಕ ಪೆಟ್ಟಿಲ್ಲ. ಈ ಮನಿಶಾ ಭಕ್ತೀಲೆ ಸಿಮೆಂಟ್ ಜಡದಾನ! ಆಮ್ಯಾಲಿಂದ ಅವೆರಡೂ ಒಂದನ್ನೊಂದು ಗುದ್ದಾಡಿ ಕಮಾನು ಒಡೀಲಿಕತ್ತಾವ!"

ಅವತ್ತು ಅವರನ್ನು ನೋಡಬೇಕಿತ್ತು! ಆ ಖುಷಿಯಲ್ಲಿ ಸ್ಕೂಟಿಯ ಕೀಲಿಯನ್ನು ಕಾವಲುಗಾರನ ಚಹಾದ ಲೋಟದಲ್ಲಿ ಬೀಳಿಸಿದರು.

ಕಮಿಟಿಯ ಸಭೆ ಮಾತ್ರ ಸುಲಭವಾಗಿರಲಿಲ್ಲ. ಸಿಮೆಂಟು ಕಡಿಯಬೇಕೆಂದರೆ ಫಲಕ ತೆಗೆಯಬೇಕು. ಅಧ್ಯಕ್ಷರ ಮುಖ ಕೆಂಪಾಯಿತು.

"ನಮ್ಮಪ್ಪಂದು ಹೆಸರು ಕೀಳ್ತೀರೇನು ಮೇಡಂ?"

"ಹೆಸರು ಕೀಳಂಗಿಲ್ರಿ. ಗ್ವಾಡಿ ಬಾಯಾಗಿಂದ ತೆಗದು ಬಾಜೂಕ ಇಡ್ತೀನಿ. ನಿಮ್ಮಪ್ಪನೂ ಇಲ್ಲೇ ತುತ್ತು ಹಾಕ್ಯಾನ, ನಾ ನೋಡೀನಿ."

"ನಿಮ್ಮ ಮಾತು ತಪ್ಪಾತು ಅಂದ್ರ?"

ಆಗ ಮೇಡಂ ಶರತ್ತು ಹಾಕಿದರು. ಸಿಮೆಂಟು ಕಡಿದು ಸಂದಿ ಬಿಚ್ಚಿ, ಮೊದಲಿನ ಹಾಗೆ ಹೊಟ್ಟಿನ ಗಾರೆ ತುಂಬುವುದು. ಕಮಾನಿನ ಪ್ರತಿ ಬಿರುಕಿನ ಮೇಲೂ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸುವುದು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆಯುತ್ತದೆ. ಮಳೆಗಾಲ ಪೂರ್ತಿ ಗಾಜು ಉಳಿದರೆ ಕಟ್ಟಡವೂ ಉಳಿಯಬೇಕು. ಒಂದೇ ಒಂದು ಒಡೆದರೂ ಕೆಡವಲು ತಾವೇ ಸಹಿ ಮಾಡುವುದು. ನಾನು ಅವರ ಸೀರೆಯ ಸೆರಗು ಜಗ್ಗಿದೆ. ಮಳೆಗಾಲ ಮುಗಿದು ಕೆಲವೇ ತಿಂಗಳಿಗೆ ನಿವೃತ್ತಿ. ಇಷ್ಟು ವರ್ಷ ಪ್ರೀತಿಸಿದ ಕಟ್ಟಡವನ್ನು ಕೊನೆಗೆ ತಮ್ಮ ಕೈಯಿಂದಲೇ ಕೆಡವಿ ಮನೆಗೆ ಹೋಗುವುದೆಂದರೇನು! ಅವರು ಸೆರಗು ಬಿಡಿಸಿಕೊಂಡರು.

ಕಮಿಟಿ ಒಪ್ಪಿತು. ಸಂದಿ ಬಿಚ್ಚಿ ತುಂಬಿ, ಗಾಜು ಅಂಟಿಸುವಷ್ಟರಲ್ಲಿ ಮಳೆ ಶುರುವಾಯಿತು. ಊರಿಗೇ ಅದು ಆಟವಾಯಿತು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ವರ್ತಕರು ಛತ್ರಿ ಹಿಡಿದು ಸೌದಾಘರಕ್ಕೆ ಬಂದು ಕತ್ತು ಮೇಲೆತ್ತಿ ಗಾಜು ನೋಡಿ ಹೋಗುತ್ತಿದ್ದರು. ಎಷ್ಟೋ ವರ್ಷದಿಂದ ಖಾಲಿ ಬಿದ್ದಿದ್ದ ಜೋಡಿಕಂಬದ ಕಟ್ಟೆಗಳಲ್ಲಿ ಮತ್ತೆ ಇಬ್ಬಿಬ್ಬರು ಕೂತು, ಟವೆಲು ಹಾಸಿ, ಗಾಜಿನ ಮೇಲೆ ಮಿರ್ಚಿ ಭಜಿಯ ಬಾಜಿ ಕಟ್ಟತೊಡಗಿದರು! ಮೇಡಂ ಕಡೆಗೆ ಬಾಜಿ ಕಟ್ಟಿದವರು ಅವರನ್ನು ಕಂಡರೆ ಹಲ್ಲು ಕಿರಿಯುತ್ತಿದ್ದರು, ಎದುರಿಗೆ ಕಟ್ಟಿದವರು ಮೋಡ ನೋಡುತ್ತಿದ್ದರು. ತೆರೆದ ಸಂದಿಯಲ್ಲಿ ತುಂಬಿದ ಹೊಟ್ಟಿನ ಗಾರೆಯನ್ನು ಗೋಡೆ ಸ್ವಲ್ಪ ಸ್ವಲ್ಪವೇ ಉಗುಳಲಾರಂಭಿಸಿದ ದಿನ ಮೇಡಂ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಪೇಟೆಯೆಲ್ಲ ತಿರುಗಿದರು. "ಉಗುಳ್ಯಾದ! ನೋಡ್ರಿ, ಉಗುಳ್ಯಾದ!" ಉಗುಳಿದ್ದನ್ನು ಕಂಡು ಅಷ್ಟು ಹಿಗ್ಗಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಳೆಗಾಲದ ಕೊನೆಗೆ ಒಂದು ಬೆಳಿಗ್ಗೆ ನಾವು ಹೋದಾಗ ಹಾಲಿನಲ್ಲಿ ಎಲ್ಲರೂ ಕತ್ತು ಮೇಲೆತ್ತಿ ನಿಂತಿದ್ದರು. ನಡುವಿನ ಕಮಾನಿನ ಗಾಜು ಇರಲಿಲ್ಲ.

ಒಡೆದ ಚೂರಾದರೂ ಇದ್ದಿದ್ದರೆ ಹೇಗೆ ಒಡೆಯಿತೆಂದು ನೋಡಬಹುದಿತ್ತು. ಕಸ ಗುಡಿಸಿ ಎಸೆದಾಗಿತ್ತು. ಹಿಂದಿನ ದಿನ ಮದುವೆಯೊಂದಕ್ಕೆ ಹಾಲು ಸಿಂಗರಿಸಿದ್ದರು. ಯಾವುದಾದರೂ ತಾಗಿತೇ ಎಂದು ನಾನು ಎಲ್ಲರನ್ನೂ ಕೇಳಿದೆ. ಕಾವಲುಗಾರ ನೋಡಿಲ್ಲ ಅಂದ. ಕಮಿಟಿಯವರು ಗೊತ್ತಿಲ್ಲ ಅಂದರು. ಅಧ್ಯಕ್ಷರು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ಮೇಡಂ ವಾದ ಮಾಡಲಿಲ್ಲ. ಕಮಾನಿನ ಕೆಳಗಿನ ಕಂಬವನ್ನು ಒಮ್ಮೆ ಚಪ್ಪರಿಸಿದರು. ಕಣ್ಣು ತುಂಬಿ ಬಂತು, ಸೆರಗಿನಿಂದ ಒರೆಸಿಕೊಂಡರು.

"ಮಾತು ಅಂದ್ರ ಮಾತು" ಅಂದರು. "ಕಂಗ್ಟಿ, ಕಾಗದ ಕೊಡು."

ನನ್ನ ಕೈ ಚೀಲದೊಳಗೇ ನಿಂತಿತು. ಕೊಡಲಾರೆ ಎಂದೆ. ಅವರೇ ಚೀಲ ಎಳೆದುಕೊಂಡು ಕಾಗದ ತೆಗೆದರು, ಕಂಬಕ್ಕೆ ಆನಿಸಿಕೊಂಡು ಪೆನ್ನಿನ ಮುಚ್ಚಳ ತೆರೆದರು.

"ತಡೀರಿ ಮೇಡಂ."

ಅಧ್ಯಕ್ಷರು ಎದ್ದು ನಿಂತಿದ್ದರು. "ನಿನ್ನಿ ಪಂಖಾ ಕೂಡಸೋರ ಏಣಿ ಬಡದು ಬಿತ್ತದು. ನನ್ನ ಕಣ್ಣ ಮುಂದ ಆಗ್ಯದ. ನಾ ಒಬ್ಬಾಂವನೇ ಇದ್ದೆ. ಸುಮ್ಮ ಇದ್ರಾತು ಅಂದ್ಕೊಂಡಿದ್ದೆ." ಕಟ್ಟೆಯ ಕಡೆ ಕೈ ತೋರಿಸಿ ಅಂದರು, "ಈ ಕಟ್ಟಿ ಮ್ಯಾಲ ಕುಂತು ಸುಮ್ಮ ಇರ್ಲಾಕ ಆಗವಲ್ದು."

ಆಮೇಲೆ ಅವರು ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕಟ್ಟೆಯ ಮೇಲೆ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದರು. ಹೆಗಲ ಟವೆಲು ತೆಗೆದು ತಮ್ಮ ಬಲಗೈ ಮೇಲೆ ಹಾಸಿ ಮೇಡಂ ಕಡೆಗೆ ಚಾಚಿದರು. ಆ ಸೌದಾಘರ ಕಟ್ಟಿದಂದಿನಿಂದ ಆ ಬಟ್ಟೆಯ ಕೆಳಗೆ ಹೆಂಗಸಿನ ಕೈ ಹೋದದ್ದಿಲ್ಲ. ಮೇಡಂ ಪೆನ್ನು ನನ್ನ ಕೈಗೆ ತುರುಕಿ ಹೋಗಿ ಕೂತರು, ಕೈ ಒಳಗಿಟ್ಟರು. ನಮಗೆಲ್ಲ ಕಂಡದ್ದು ಟವೆಲು ಸ್ವಲ್ಪ ಅಲುಗಿದ್ದು, ಅಷ್ಟೆ. ಹೊರಗೆ ಬಂದಾಗ ಮೇಡಂ ಕೈ ಮುಷ್ಟಿಯಾಗಿತ್ತು.

"ಪಕ್ಕಾ!" ಎಂದು ಕೂಗಿದರು ನೋಡಿ, ಉತ್ತರದ ಕಿಟಕಿಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಯಾರೋ ಭಜಿ ತರಿಸಿದರು. ಬಾಜಿ ಗೆದ್ದವರೂ ಸೋತವರೂ ಕೂಡಿಯೇ ತಿಂದೆವು. ನಡುವಿನ ಕಮಾನಿಗೆ ಹೊಸ ಗಾಜು ಅಂಟಿಸಿದೆವು. ಉಳಿದ ಮಳೆಗೆ ಅದೂ ಒಡೆಯಲಿಲ್ಲ, ಬೇರೆಯವೂ ಒಡೆಯಲಿಲ್ಲ. ಕಟ್ಟಡ ಗಟ್ಟಿಯಾಗಿದೆ ಎಂಬ ವರದಿಗೆ ಮೇಡಂ ಸಹಿ ಹಾಕಿದರು.

ಅವರ ನಿವೃತ್ತಿ ಬಂದದ್ದು ಹೊಸ ತೊಗರಿಯ ಕಾಲಕ್ಕೆ. ಬೀಳ್ಕೊಡುಗೆಯನ್ನು ಕಮಿಟಿಯವರು ಸೌದಾಘರದಲ್ಲೇ ಇಟ್ಟುಕೊಂಡರು. ಅಂದೇ ಗೋಡೆಗೆ ತುತ್ತು ಹಾಕುವ ಪದ್ಧತಿಯನ್ನೂ ಮತ್ತೆ ಶುರು ಮಾಡಿದರು. ಪೇಟೆಯ ಹೆಂಗಸರೆಲ್ಲ ಬಂದಿದ್ದರು, ನನ್ನ ಅತ್ತೆ ನಾರಾಯಣಖೇಡದಿಂದ ಬಸ್ಸು ಹತ್ತಿ ಬಂದಿದ್ದರು. ಸಂದಿಯ ಪಕ್ಕಕ್ಕೆ ಅಧ್ಯಕ್ಷರ ತಂದೆಯ ಫಲಕ ಹೂಮಾಲೆ ಹಾಕಿಕೊಂಡು ಕೂತಿತ್ತು. ಮೊದಲ ತುತ್ತು ಮೇಡಂ ಒತ್ತಿದರು, ಆಮೇಲೆ ಅಧ್ಯಕ್ಷರು, ಆಮೇಲೆ ನಾನು. ಬೆರಳಿಗೆ ಅಂಟಿದ ಬೆಲ್ಲದ ವಾಸನೆ ನೋಡಲು ಕೈ ಮೂಗಿನ ಹತ್ತಿರ ತಂದಿದ್ದೆ, ಮೇಡಂ ಪಟ್ಟನೆ ಹೊಡೆದರು. "ನಾಲಿಗಿ ಸುಡ್ತದ ಹುಚ್ಚಿ!"

ಶಾಲು ಹೊದಿಸಿದರು. ಎರಡು ಮಾತು ಆಡಿರಿ ಅಂದರು. ಇಡೀ ಊರಿಗೆ ಕೇಳುವಂತೆ ಮಾತಾಡುತ್ತಿದ್ದವರು ಮೈಕಿನ ಮುಂದೆ ನಿಂತು ಒಂದೂ ಮಾತಾಡದೆ ಇಳಿದು ಬಂದರು. ನಾನು ಕೂತಿದ್ದ ಕಟ್ಟೆಗೆ ಬಂದು ಪಕ್ಕದಲ್ಲಿ ಕೂತರು. ಹೆಗಲ ಮೇಲಿನ ಹೊಸ ಶಾಲು ತೆಗೆದು ತಮ್ಮ ಕೈ ಮೇಲೆ ಹಾಸಿ ನನ್ನ ಕಡೆಗೆ ಚಾಚಿದರು.

ಕೈ ಕೊಟ್ಟೆ. ಅವರ ಬೆರಳು ಬಿಸಿಯಾಗಿದ್ದವು, ಸುಣ್ಣ ಇನ್ನೂ ಆರಿರಲಿಲ್ಲ. ಬೆಲೆ ಏರಿಸಲಿಲ್ಲ, ಇಳಿಸಲಿಲ್ಲ. ಕಿರುಬೆರಳಿನಿಂದ ಶುರು ಮಾಡಿ ನನ್ನ ಬೆರಳುಗಳನ್ನು ನಿಧಾನಕ್ಕೆ ಒಂದೊಂದಾಗಿ ಮಡಚಿದರು. ಏನು ಒಪ್ಪಿಸುತ್ತಿದ್ದಾರೆಂದು ನನಗೆ ತಿಳಿದಿತ್ತು. ಆ ಮನೆಯ ಕಾನೂನಿನಂತೆ ಬಟ್ಟೆಯ ಕೆಳಗೆ ಕೈ ಸುಳ್ಳು ಹೇಳುವ ಹಾಗಿಲ್ಲ.

"ಪಕ್ಕಾ ರಿ ಮೇಡಂ" ಅಂದೆ.

ನಿನ್ನೆ ರಾತ್ರಿ ಇಲ್ಲಿ ಒಳ್ಳೆ ಮಳೆ. ಬೆಳಗಾಗುತ್ತಲೇ ಹಲ್ಲುಜ್ಜದೆ ಹೋಗಿ ನೋಡಿ ಬಂದೆ. ಗಾಜು ಎಲ್ಲವೂ ಇವೆ. ಗೋಡೆ ಉಗುಳುತ್ತಿದೆ. ಈ ಸಲ ಅವರ ಫೋನು ಬರುವ ಮೊದಲೇ ನಾನೇ ಮಾಡಿದೆ.